ಶಾಲೆಯ ಹೊಸ್ತಿಲು ದಾಟಿದ ದಾದಿ

ಮುಂಗಾರಿನ ಮೊದಲ ಮಳೆ ಹನಿಯುವುದಕ್ಕೂ ಶಾಲೆಗಳು ಬಾಗಿಲು ತೆರೆಯುವುದಕ್ಕೂ ನಮ್ಮ ನಾಡಿನಲ್ಲಿ ಹೆಚ್ಚುಕಡಿಮೆ ಒಂದೇ ಮುಹೂರ್ತ. ಹೊಸ ಪುಸ್ತಕದ ವಾಸನೆ, ನೆನೆದ ಸಮವಸ್ತ್ರದ ವಾಸನೆ, ಒಂದೇ ಬೆಂಚಿನ ಮೇಲೆ ಒತ್ತಿ ಕುಳಿತ ನಾಲ್ಕೈದು ಮಕ್ಕಳು. ಆರಿದ್ರೆ ಮಳೆ ಹಿಡಿದುಕೊಳ್ಳುವ ಹೊತ್ತಿಗೆ ತರಗತಿಯ ಒಂದು ಮೂಲೆಯಲ್ಲಿ ಎದ್ದ ಕೆಮ್ಮು ಇನ್ನೊಂದು ಮೂಲೆಯನ್ನು ಮುಟ್ಟಿರುತ್ತದೆ. ಮಳೆಗಾಲಕ್ಕೆ ನೆಗಡಿ, ಜ್ವರ, ಕಣ್ಣುಬೇನೆ; ಚಳಿ ಕಳೆದು ಬಿಸಿಲೇರುವಾಗ ಸಿತಾಳೆ ಸಿಡುಬು, ಮಂಗನಬಾವು. ಪಂಚಾಂಗದಲ್ಲಿ ಬರೆಯದಿದ್ದರೂ ತಪ್ಪದೆ ಬರುವ ತಿಥಿಗಳಿವು. ಆಗ ಉಪಾಧ್ಯಾಯರಾದವರು ಆಡುವ ಮಾತೂ ಎಲ್ಲ ಕಾಲಕ್ಕೂ ಒಂದೇ: “ವಾಸಿಯಾಗುವ ತನಕ ಶಾಲೆಗೆ ಬರಬೇಡ, ಮನೆಗೆ ಹೋಗು.”

ಈ ಮಾತಿನಲ್ಲಿ ತಪ್ಪೇನಿದೆ ಎಂದು ಕೇಳುಗರು ಕೇಳಬಹುದು. ತಪ್ಪೇನೂ ಇಲ್ಲ, ಆದರೆ ಅದು ಅರ್ಧ ಮಾತು. ಮನೆಗೆ ಹೋದ ಮಗುವಿಗೆ ಆಮೇಲೆ ಏನಾಯಿತು, ಆ ಮನೆಯಲ್ಲಿ ಯಾರಿದ್ದರು, ಅದು ಮತ್ತೆ ಶಾಲೆಗೆ ಬಂದಿತೆ ಎಂಬುದು ಮಿಕ್ಕ ಅರ್ಧ. ಈ ಎರಡನೆಯ ಅರ್ಧವನ್ನು ಕೇಳುವವರು ಹುಟ್ಟಿಕೊಂಡದ್ದು ಯಾವಾಗ, ಎಲ್ಲಿ, ಅದರಿಂದ ಏನು ವ್ಯತ್ಯಾಸವಾಯಿತು ಎಂಬುದನ್ನು ಹೇಳುವುದೇ ಇಂದಿನ ನನ್ನ ಉದ್ದೇಶ. ನಾನು ವೈದ್ಯನಲ್ಲ, ಬದುಕಿನುದ್ದಕ್ಕೂ ಕನ್ನಡ ಪಾಠ ಹೇಳಿದವನು. ಆದರೆ ದಿನಕ್ಕೆ ನಾಲ್ಕು ಬಾರಿ ಹಾಜರಿ ಕರೆದವನಿಗೆ ಉತ್ತರ ಬಾರದ ಹೆಸರುಗಳ ವಿಷಯದಲ್ಲಿ ಒಂದು ಕುತೂಹಲ ಉಳಿದೇ ಇರುತ್ತದೆ.

ಕಥೆ ನಡೆದದ್ದು ಅಮೆರಿಕದಲ್ಲಿ. ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕ. ಅಲ್ಲಿ ಶಾಲೆ ತೆರೆಯುವುದು ಸೆಪ್ಟೆಂಬರಿನಲ್ಲಿ. ಬೇಸಗೆಯೆಲ್ಲ ಚದುರಿಹೋಗಿದ್ದ ಮಕ್ಕಳು ಒಂದೆಡೆ ಸೇರುತ್ತಿದ್ದಂತೆ ಗಂಟಲಮಾರಿ, ಕೆಂಪುಜ್ವರ, ದಡಾರ, ನಾಯಿಕೆಮ್ಮು ಒಂದರ ಹಿಂದೊಂದು ಕಾಣಿಸಿಕೊಳ್ಳುತ್ತಿದ್ದವು. ಗಂಟಲಮಾರಿ, ಎಂದರೆ ಡಿಫ್ತೀರಿಯ, ಈಗಿನ ತಾಯ್ತಂದೆಯರಿಗೆ ಲಸಿಕೆಯ ಚೀಟಿಯಲ್ಲಿ ಬರೆದ ಒಂದು ಹೆಸರು ಮಾತ್ರ. ಅಂದಿನವರಿಗೆ ಅದು ಒಂದೇ ವಾರದಲ್ಲಿ ಮನೆಯ ಎರಡು ಮೂರು ಮಕ್ಕಳ ಉಸಿರು ಕಟ್ಟಿಸುತ್ತಿದ್ದ ಮಾರಿಯೇ ಸರಿ. ಅದರ ಹಾವಳಿ ತಾಳಲಾರದೆ ಬೋಸ್ಟನ್ ನಗರ 1894ರಲ್ಲಿ ಒಂದು ಏರ್ಪಾಡು ಮಾಡಿತು. ನಗರವನ್ನು 50 ಭಾಗ ಮಾಡಿ, ಭಾಗಕ್ಕೊಬ್ಬ ವೈದ್ಯರನ್ನು ಗೊತ್ತುಮಾಡಿ, ಉಪಾಧ್ಯಾಯರು ಸಂದೇಹಪಟ್ಟ ಮಕ್ಕಳನ್ನು ಅವರು ಬಂದು ನೋಡಿಹೋಗಬೇಕೆಂದು ಕಟ್ಟುಮಾಡಿತು. ಮರುವರ್ಷ ಷಿಕಾಗೊ, 1897ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿದವು. ಶಾಲೆಯ ಒಳಕ್ಕೆ ವೈದ್ಯನ ಪ್ರವೇಶವಾದದ್ದು ಹೀಗೆ.

ಆದರೆ ಆ ವೈದ್ಯರು ಶಾಲೆಯಲ್ಲಿ ಮಾಡುತ್ತಿದ್ದುದು ಚಿಕಿತ್ಸೆಯಲ್ಲ, ಪರೀಕ್ಷೆ. ಅವರಿಗೆ ಅಧಿಕಾರವಿದ್ದುದು ಮಗುವನ್ನು ನೋಡುವುದಕ್ಕೆ ಮತ್ತು ಹೊರಗೆ ಕಳುಹಿಸುವುದಕ್ಕೆ ಮಾತ್ರ. ಮೊದಮೊದಲು ಈ ತಪಾಸಣೆ ಕಾಟಾಚಾರಕ್ಕೆ ನಡೆಯುತ್ತಿತ್ತು. 1902ರಲ್ಲಿ ನ್ಯೂಯಾರ್ಕಿನಲ್ಲಿ ಆಡಳಿತ ಬದಲಾಗಿ, ಅರ್ನ್ಸ್ಟ್ ಲೆಡರ್ಲೆ ಎಂಬವರು ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿ ಬಂದು ಅದನ್ನು ಬಿಗಿಮಾಡಿದರು. ಫಲವೇನೆಂದರೆ, ಆ ವರ್ಷದ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ 10,567 ಮಕ್ಕಳು ಶಾಲೆಯಿಂದ ಹೊರಕ್ಕೆ ಬಿದ್ದರು. ಗಂಟಲಮಾರಿ, ಕೆಂಪುಜ್ವರದ ಪ್ರಕರಣಗಳು ಅದರಲ್ಲಿ ಬಹಳವಿರಲಿಲ್ಲ. ತಲೆಯಲ್ಲಿ ಹೇನು, ಮೈಯಲ್ಲಿ ಕಜ್ಜಿ, ಹುಳುಕಡ್ಡಿ, ಕೀವುಗುಳ್ಳೆ, ಕಣ್ಣಿನ ರೆಪ್ಪೆಯೊಳಗೆ ಗರಸು ಕಟ್ಟುವ ಟ್ರಕೋಮ — ಬಡವರ ಕೇರಿಯ ನಿತ್ಯದ ಬೇನೆಗಳೇ ಹೆಚ್ಚು. ಕೆಲವು ತರಗತಿಗಳು ಅರ್ಧಕ್ಕರ್ಧ ಬರಿದಾದವು.

ಹೊರಬಿದ್ದ ಮಗುವಿನ ಕೈಗೆ ವೈದ್ಯರು ಒಂದು ಚೀಟಿ ಕೊಡುತ್ತಿದ್ದರು. ಅದರಲ್ಲಿ ರೋಗದ ಹೆಸರು ವೈದ್ಯರ ಭಾಷೆಯಲ್ಲಿರುತ್ತಿತ್ತು. ಆ ಕೇರಿಯ ತಾಯಂದಿರಾದರೋ ರಷ್ಯದಿಂದ, ಪೋಲೆಂಡಿನಿಂದ, ಇಟಲಿಯಿಂದ ಹಡಗು ಹತ್ತಿ ಬಂದವರು; ಹಲವರಿಗೆ ಇಂಗ್ಲಿಷೇ ಬಾರದು, ಇನ್ನು ಲ್ಯಾಟಿನ್ನಿನ ಗತಿಯೇನು! ಹೇನಿಗೆ ಅಷ್ಟುದ್ದದ ಗಂಭೀರವಾದ ಹೆಸರಿಟ್ಟು ಬರೆದ ಚೀಟಿ ಒಲೆ ಸೇರುವುದೋ ಚರಂಡಿ ಸೇರುವುದೋ ಆಗುತ್ತಿತ್ತು. ಭಾಷೆಯ ಮೇಷ್ಟರಾದ ನನಗೆ ಈ ಚೀಟಿಯ ಪ್ರಸಂಗ ವಿಶೇಷವಾಗಿ ತಟ್ಟುತ್ತದೆ. ನಮ್ಮ ಆಸ್ಪತ್ರೆಗಳ ಚೀಟಿಗಳನ್ನು ಓದಲು ಹೆಣಗಿದವರಿಗೆ ಅದನ್ನು ಹೆಚ್ಚು ವಿವರಿಸಬೇಕಾದುದಿಲ್ಲ.

ಮಗು ಮನೆಗೆ ಹೋಗಿ ಮಾಡುತ್ತಿದ್ದುದಾದರೂ ಏನು? ಮನೆಯೆಂದರೆ ಐದಾರು ಅಂತಸ್ತಿನ ವಠಾರದಲ್ಲಿ ಎರಡು ಕೋಣೆ. ತಾಯಿ ಅಲ್ಲಿಯೇ ಕುಳಿತು ಗುತ್ತಿಗೆಯ ಬಟ್ಟೆ ಹೊಲಿಯುತ್ತಿದ್ದಳು. ಕಾಯಿಲೆಯ ಮಗು ಹೊಲಿದಿಟ್ಟ ಕೋಟುಗಳ ರಾಶಿಯ ಮೇಲೆಯೇ ಮಲಗುತ್ತಿತ್ತು. ಆ ಕೋಟುಗಳು ಮರುದಿನ ಊರಿನ ಅಂಗಡಿಗಳಿಗೆ ಹೋಗುತ್ತಿದ್ದವು. ಸ್ವಲ್ಪ ಓಡಾಡುವ ಚೈತನ್ಯವಿದ್ದ ಮಗುವಾದರೆ ಬೀದಿಗೆ ಇಳಿಯುತ್ತಿತ್ತು. ಮಧ್ಯಾಹ್ನ ಮೂರು ಗಂಟೆಗೆ ಶಾಲೆ ಬಿಟ್ಟಾಗ ಅದೇ ತರಗತಿಯ ಗೆಳೆಯರೊಡನೆ ಅದೇ ಬೀದಿಯಲ್ಲಿ ಆಟ. ರೋಗ ಹರಡಬಾರದೆಂದು ಕಟ್ಟಿದ ಗೋಡೆಗೆ ಮೂರು ಗಂಟೆಯ ತನಕ ಮಾತ್ರ ಆಯುಸ್ಸು.

ಇದನ್ನು ಹತ್ತಿರದಿಂದ ಕಂಡವರು ಲಿಲಿಯನ್ ವಾಲ್ಡ್ ಎಂಬ ಮಹಿಳೆ. ಅನುಕೂಲಸ್ಥರ ಮನೆಯಲ್ಲಿ ಹುಟ್ಟಿ, ದಾದಿಯ ಶಿಕ್ಷಣ ಪಡೆದು, 1893ರಿಂದ ನ್ಯೂಯಾರ್ಕಿನ ಈ ವಲಸೆಗಾರರ ಕೇರಿಯಲ್ಲಿಯೇ ಮನೆ ಮಾಡಿಕೊಂಡು ರೋಗಿಗಳ ಶುಶ್ರೂಷೆಗೆ ನಿಂತವರು ಅವರು. ಹೆನ್ರಿ ಬೀದಿಯಲ್ಲಿದ್ದ ಅವರ ಮನೆ ಕ್ರಮೇಣ ಒಂದು ಸಂಸ್ಥೆಯಾಗಿ ಬೆಳೆಯಿತು. ಅಲ್ಲಿಯ ದಾದಿಯರು ಒಂದು ವಠಾರದ ಮೆಟ್ಟಿಲುಗಳನ್ನು ಇಳಿದು ಇನ್ನೊಂದರ ಮೆಟ್ಟಿಲುಗಳನ್ನು ಹತ್ತುವ ಬದಲು ಕೈಚೀಲ ಹಿಡಿದು ಮಾಳಿಗೆಯಿಂದ ಮಾಳಿಗೆಗೆ ದಾಟಿಕೊಂಡು ಹೋಗುತ್ತಿದ್ದರು. ಉದ್ದ ಲಂಗದ ಒಬ್ಬ ದಾದಿ ಹಾಗೆ ದಾಟುತ್ತಿರುವ ಛಾಯಾಚಿತ್ರವೊಂದು ಬಹು ಪ್ರಸಿದ್ಧ.

ವಾಲ್ಡ್ ತಮ್ಮ ಪುಸ್ತಕದಲ್ಲಿ ಒಬ್ಬ ಹುಡುಗನ ಸಂಗತಿ ಹೇಳಿದ್ದಾರೆ. ಹೆಸರು ಲೂಯಿ, ವಯಸ್ಸು ಹನ್ನೆರಡು. ಒಂದು ದಿನವೂ ತರಗತಿಯಲ್ಲಿ ಕುಳಿತವನಲ್ಲ. ತಲೆಯ ಮೇಲೆ ಇಸಬು. ಹೋದಾಗಲೆಲ್ಲ ಅದನ್ನು ನೋಡಿ ಉಪಾಧ್ಯಾಯರು ಹಿಂದಕ್ಕೆ ಕಳುಹಿಸುತ್ತಿದ್ದರು. ತಾಯಿ ಆಸ್ಪತ್ರೆಗೆ ಅಲೆದಿದ್ದಳು, ಮುಲಾಮು ತಂದಿದ್ದಳು. ಬೇಕಾಗಿದ್ದುದು ಆ ಮುಲಾಮನ್ನು ಕ್ರಮವಾಗಿ, ತಿಳಿದು ಹಚ್ಚುವ ಕೈ. ವಾಲ್ಡ್ ಅದನ್ನು ಮಾಡಿದರು. ಆ ಸೆಪ್ಟೆಂಬರಿನಲ್ಲಿ ಹುಡುಗ ಜೀವಮಾನದಲ್ಲಿ ಮೊದಲ ಬಾರಿಗೆ ಶಾಲೆ ಸೇರಿದ. ಬಾಲ್ಯದ ವಿದ್ಯಾಭ್ಯಾಸದ ವರ್ಷಗಳು ಒಂದು ಡಬ್ಬಿ ಮುಲಾಮಿಗೆ ಅಡ್ಡಬಿದ್ದಿದ್ದವು. ನನಗೆ ಈ ಚರಿತ್ರೆಯಲ್ಲೆಲ್ಲ ಮರೆಯಲಾಗದ ಸಂಗತಿ ಇದು.

10,567 ಮಕ್ಕಳು ಹೊರಬಿದ್ದಾಗ ವಾಲ್ಡ್ ಆರೋಗ್ಯ ಇಲಾಖೆಗೆ ಒಂದು ಸಲಹೆ ಮಾಡಿದರು: ಒಬ್ಬ ದಾದಿಯನ್ನು ಕೊಡುತ್ತೇನೆ, ಒಂದು ತಿಂಗಳು ಪ್ರಯೋಗ ಮಾಡಿ ನೋಡಿ. ಹಾಗೆ 1902ರ ಅಕ್ಟೋಬರ್ 1ರಂದು ಲೀನಾ ರೋಜರ್ಸ್ ಎಂಬ ತರುಣಿ ಕೆಲಸಕ್ಕೆ ಇಳಿದರು. ಕೆನಡಾದವರು, ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ತರಬೇತಿ ಪಡೆದವರು. ಅವರ ಪಾಲಿಗೆ ಬಂದದ್ದು ನಾಲ್ಕು ಶಾಲೆ, ಸುಮಾರು 10,000 ಮಕ್ಕಳು. ಇಷ್ಟು ಮಕ್ಕಳಿಗೆ ಒಬ್ಬರೇ ಏನು ಮಾಡಿಯಾರು ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಅವರು ಮಾಡಿದ್ದು ತೀರ ಸರಳವಾದ ಕೆಲಸ. ಬೆಳಗ್ಗೆ ಶಾಲೆಯ ಒಂದು ಮೂಲೆಯಲ್ಲಿ ಕುಳಿತು, ಯಾವ ಬೇನೆಯನ್ನು ಅಲ್ಲಿಯೇ ತೊಳೆದು, ಒರಸಿ, ಔಷಧಿ ಹಚ್ಚಿ, ಪಟ್ಟಿ ಕಟ್ಟಬಹುದೋ ಅದನ್ನು ಮಾಡಿ ಮಗುವನ್ನು ತರಗತಿಗೆ ವಾಪಸು ಕಳುಹಿಸುವುದು. ಮನೆಗೆ ಕಳುಹಿಸಲೇಬೇಕಾದ ಮಗುವಿದ್ದರೆ, ಮಧ್ಯಾಹ್ನ ಆ ವಠಾರದ ಮೆಟ್ಟಿಲು ಹತ್ತಿ ತಾಯಿಯನ್ನು ಕಾಣುವುದು. ಏನಾಗಿದೆ, ಏನು ಮಾಡಬೇಕು, ಎಷ್ಟು ದಿನ ಉಳಿದ ಮಕ್ಕಳಿಂದ ಬೇರೆ ಮಲಗಿಸಬೇಕು ಎಂಬುದನ್ನು ಕೈಯಲ್ಲಿ ಮಾಡಿ ತೋರಿಸುವುದು. ಗುಣವಾದೊಡನೆ ಮಗುವನ್ನು ಮರಳಿ ಶಾಲೆಗೆ ಕರೆತರುವುದು. ಚೀಟಿಯ ಜಾಗದಲ್ಲಿ ಒಬ್ಬ ಮನುಷ್ಯೆ ಬಂದಂತಾಯಿತು.

ಪ್ರಯೋಗದ ತಿಂಗಳು ಮುಗಿಯುತ್ತಲೇ ನಗರ ಇನ್ನೂ 12 ಮಂದಿ ದಾದಿಯರನ್ನು ನೇಮಿಸಿತು. ಈ ಕೆಲಸಕ್ಕೆಂದು 30,000 ಡಾಲರು ತೆಗೆದಿಟ್ಟಿತು. ಲಂಡನ್ನಿನ ಬಡ ಶಾಲೆಗಳಿಗೆ 1892ರಿಂದಲೇ ದಾದಿಯರು ಹೋಗುತ್ತಿದ್ದುದು ಉಂಟು. ಅದು ದಾನಿಗಳ ಹಣದಿಂದ ನಡೆದ ಕಾರ್ಯ. ನಗರಸಭೆಯೇ ತನ್ನ ಬೊಕ್ಕಸದಿಂದ ಸಂಬಳ ಕೊಟ್ಟು ಈ ಹೊಣೆ ಹೊತ್ತದ್ದು ನ್ಯೂಯಾರ್ಕಿನಲ್ಲಿ. 1903ರ ಸೆಪ್ಟೆಂಬರಿನಲ್ಲಿ ಶಾಲೆಯಿಂದ ಹೊರಬಿದ್ದ ಮಕ್ಕಳ ಸಂಖ್ಯೆ 1,101. ಹಿಂದಿನ ವರ್ಷ ಹತ್ತು ಮಕ್ಕಳು ಹೊರಗಿದ್ದ ಕಡೆ ಈಗ ಒಂದು. ರೋಗವೆಲ್ಲ ಮಾಯವಾಯಿತೆಂದು ಇದರ ಅರ್ಥವಲ್ಲ. ಹೊರಗೆ ಕಳುಹಿಸುವುದರ ಹೊರತು ಬೇರೆ ದಾರಿಯೂ ಉಂಟೆಂದು ಗೊತ್ತಾಯಿತು, ಅಷ್ಟೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ನೆನಪಿಗೆ ಬರುತ್ತದೆ. ಮಗುವಿಗೆ ಸಿಡುಬು ಎದ್ದರೆ ನಮ್ಮ ಹಿರಿಯರು ರೋಗ ಬಂತು ಎನ್ನುತ್ತಿರಲಿಲ್ಲ, “ಅಮ್ಮ ಬಂದಿದ್ದಾಳೆ” ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಒಗ್ಗರಣೆಯ ಸದ್ದಿಲ್ಲ, ನೆಂಟರ ಸುಳಿವಿಲ್ಲ. ಮಗು ಬೇವಿನೆಲೆಯ ಮೇಲೆ ಮಲಗಿರಬೇಕು. ಅಮೆರಿಕದ ನಗರಗಳಲ್ಲಿ ಆರೋಗ್ಯ ಇಲಾಖೆಯವರು ಸೋಂಕಿನ ಮನೆಯ ಬಾಗಿಲಿಗೆ ಅಂಟಿಸುತ್ತಿದ್ದ ಎಚ್ಚರಿಕೆಯ ಫಲಕಕ್ಕೂ ನಮ್ಮ ಬೇವಿನ ಕೊಂಬೆಗೂ ಕೆಲಸದಲ್ಲಿ ಅಂತರವಿಲ್ಲ. ಆದರೆ ಫಲಕ ಕಂಡರೆ ನಾಚಿಕೆ, ಕೊಂಬೆ ಕಂಡರೆ ಭಯಭಕ್ತಿ. ಮೂಢನಂಬಿಕೆಯೆಂದು ನಕ್ಕು ಬಿಡುವವರು, ಕಾಯಿಲೆಯ ಮಗುವಿಗೆ ಆ ಪದ್ಧತಿ ಕೊಟ್ಟಿದ್ದ ಗೌರವವನ್ನು ಗಮನಿಸಬೇಕೆಂದು ನನ್ನ ಅಭಿಪ್ರಾಯ. ಅದರ ಕೊರತೆಯನ್ನೂ ಮುಚ್ಚಿಡಬೇಕಾಗಿಲ್ಲ: ಅಮ್ಮ ಬಂದ ಮನೆಯ ಉಳಿದ ಮಕ್ಕಳು ಎಂದಿನಂತೆ ಶಾಲೆಗೆ ಹೋಗುತ್ತಿದ್ದವು, ಔಷಧಿ ಮನೆಯೊಳಕ್ಕೆ ಬರುತ್ತಿರಲಿಲ್ಲ.

ಅಮ್ಮನನ್ನು ಕೊನೆಗೆ ನಾಡಿನಿಂದ ಕಳುಹಿಸಿಕೊಟ್ಟದ್ದು ದಾಕು. ನಾನು ಪ್ರಾಥಮಿಕ ಶಾಲೆಯಲ್ಲಿದ್ದ 1960ರ ದಶಕದಲ್ಲಿ ದಾಕು ಹಾಕುವವರು ಬಂದರೆಂಬ ಸುದ್ದಿ ಹಬ್ಬುತ್ತಲೇ ಹಿಂದಿನ ಬೆಂಚಿನವರು ಕಿಟಕಿಯಿಂದ ಧುಮುಕುತ್ತಿದ್ದರು. ಮೇಷ್ಟರು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಧುಮುಕಿದವರ ಮನೆಗಳಿಗೆ ಸಂಜೆ ಅದೇ ದಾಕಿನವರು ಹೋಗಿ ಹಿಡಿಯುತ್ತಿದ್ದರು ಎಂಬುದು ಮುಖ್ಯ. ನನ್ನ ತಲೆಮಾರಿನವರ ತೋಳಿನ ಮೇಲೆ ಆ ಗುರುತು ಈಗಲೂ ಇದೆ. 1975ರ ಮೇ ತಿಂಗಳ ಬಳಿಕ ಭಾರತದಲ್ಲಿ ಯಾರಿಗೂ ಆ ಸಿಡುಬು ಬರಲಿಲ್ಲ.

ಇನ್ನು 1918ಕ್ಕೆ ಬರುತ್ತೇನೆ. ಆ ವರ್ಷದ ಶರತ್ಕಾಲದಲ್ಲಿ ಇನ್‌ಫ್ಲುಯೆಂಜ ಜ್ವರ ಲೋಕವನ್ನೇ ಕಬಳಿಸಿತು. ಭಾರತವೊಂದರಲ್ಲೇ ಕೋಟಿಗೂ ಮಿಕ್ಕಿ ಜನ ತೀರಿಕೊಂಡರು. ಅಮೆರಿಕದ ನಗರಗಳು ಒಂದೊಂದಾಗಿ ಶಾಲೆಗಳಿಗೆ ಬೀಗ ಹಾಕಿದವು. ನ್ಯೂಯಾರ್ಕ್ ಹಾಕಲಿಲ್ಲ. ಆಗ ಅಲ್ಲಿ ಮಕ್ಕಳ ಆರೋಗ್ಯ ವಿಭಾಗದ ಮುಖ್ಯಸ್ಥೆಯಾಗಿದ್ದವರು ಡಾಕ್ಟರ್ ಜೋಸೆಫೀನ್ ಬೇಕರ್. ದಾದಿಯರು ಬರುವುದಕ್ಕೆ ಮುನ್ನಿನ ದಿನಗಳಲ್ಲಿ ಶಾಲೆಯಿಂದ ಶಾಲೆಗೆ ಅಲೆದು ಮಕ್ಕಳನ್ನು ಪರೀಕ್ಷಿಸಿದ ಅನುಭವವಿದ್ದವರು. ಆರೋಗ್ಯ ಆಯುಕ್ತ ಕೋಪ್‌ಲ್ಯಾಂಡರಿಗೆ ಅವರು ಮಂಡಿಸಿದ ವಾದದ ಸಾರ ಇಷ್ಟು: ಮಕ್ಕಳಲ್ಲಿ ಬಹುಪಾಲು ಗಾಳಿಬೆಳಕಿಲ್ಲದ ವಠಾರಗಳಲ್ಲಿದ್ದಾರೆ. ಶಾಲೆಯ ಕಟ್ಟಡ ಅದಕ್ಕಿಂತ ವಿಶಾಲ, ಶುಚಿ. ಶಾಲೆ ತೆರೆದಿದ್ದರೆ ಪ್ರತಿ ಮಗುವನ್ನೂ ದಿನಕ್ಕೊಮ್ಮೆ ನೋಡಬಲ್ಲ ಕಣ್ಣೊಂದು ಇರುತ್ತದೆ. ಮುಚ್ಚಿದರೆ ಅವು ಬೀದಿಯಲ್ಲಿರುತ್ತವೆ, ನೋಡುವವರಿರುವುದಿಲ್ಲ.

ವ್ಯವಸ್ಥೆ ಹೀಗಿತ್ತು. ಮಕ್ಕಳು ಅಂಗಳದಲ್ಲಿ ಗುಂಪುಗೂಡದೆ ನೇರವಾಗಿ ತಮ್ಮ ಕೊಠಡಿಗೆ ಹೋಗಬೇಕು. ಬೆಳಗ್ಗೆ ಉಪಾಧ್ಯಾಯರು ಒಬ್ಬೊಬ್ಬರನ್ನೂ ನೋಡಬೇಕು. ಜ್ವರದ ಸುಳಿವಿದ್ದರೆ ಬೇರೆ ಕೂರಿಸಿ, ಜೊತೆಗೊಬ್ಬರನ್ನು ಕೊಟ್ಟು ಮನೆಗೆ ಕಳುಹಿಸಬೇಕು. ಮನೆಯಲ್ಲಿ ಇರಿಸುವ ಅನುಕೂಲವಿಲ್ಲದಿದ್ದರೆ ಆಸ್ಪತ್ರೆಗೆ. ಬಾರದ ಮಕ್ಕಳನ್ನು ದಾದಿಯರು ಹೋಗಿ ವಿಚಾರಿಸಬೇಕು. 1902ರಲ್ಲಿ ಒಬ್ಬರೇ ಒಬ್ಬರಿಂದ ಮೊದಲಾದ ಕಾರ್ಯ ಹದಿನಾರು ವರ್ಷಗಳ ಬಳಿಕ ಇಂಥದೊಂದು ಧೈರ್ಯಕ್ಕೆ ಆಧಾರವಾಯಿತು. ಆ ಆಧಾರವಿಲ್ಲದ ನಗರ ಶಾಲೆಯನ್ನು ತೆರೆದಿಟ್ಟಿದ್ದರೆ ಅದನ್ನು ಧೈರ್ಯವೆನ್ನಲು ನಾನು ಸಿದ್ಧನಿಲ್ಲ.

ನಿರ್ಧಾರ ಸರಿಯಾಗಿತ್ತೆ? ಆಗಲೇ ಟೀಕೆ ಎದ್ದಿತ್ತು. ಹಿಂದೆ ಅದೇ ಹುದ್ದೆಯಲ್ಲಿದ್ದವರೊಬ್ಬರೇ ಆಕ್ಷೇಪಿಸಿದರು. ಬಹುಕಾಲದ ಮೇಲೆ, 2007ರಲ್ಲಿ, ಅಮೆರಿಕದ 43 ನಗರಗಳ ಲೆಕ್ಕವನ್ನು ಹೋಲಿಸಿ ನೋಡಿದ ಸಂಶೋಧಕರು, ಬೇಗನೆ ಎಚ್ಚೆತ್ತು ಹೆಚ್ಚು ಕಾಲ ಕಟ್ಟುಪಾಡು ನಡೆಸಿದ ನಗರಗಳಲ್ಲಿ ಸಾವು ಕಡಿಮೆಯೆಂದು ಕಂಡುಕೊಂಡರು. ಆ ಕಟ್ಟುಪಾಡುಗಳಲ್ಲಿ ಶಾಲೆ ಮುಚ್ಚುವುದೂ ಒಂದು. ಲಕ್ಷ ಜನರಿಗೆ ಸೇಂಟ್ ಲೂಯಿಯಲ್ಲಿ 358, ನ್ಯೂಯಾರ್ಕಿನಲ್ಲಿ 452, ಫಿಲಡೆಲ್ಫಿಯದಲ್ಲಿ 748 ಹೆಚ್ಚುವರಿ ಸಾವು. ಸೇಂಟ್ ಲೂಯಿ ಬೇಗ ಶಾಲೆ ಮುಚ್ಚಿದ ಊರು. ಫಿಲಡೆಲ್ಫಿಯವೂ ಮುಚ್ಚಿತು, ಆದರೆ ಸಾವಿರಾರು ಜನರ ಮೆರವಣಿಗೆ ನಡೆಸಿದ ಮೇಲೆ, ತಡವಾಗಿ. ನ್ಯೂಯಾರ್ಕ್ ಮುಚ್ಚದೆಯೂ ಮಧ್ಯದಲ್ಲಿ ನಿಂತಿತು. ಅದು ಕಚೇರಿ ಅಂಗಡಿಗಳ ವೇಳೆಯನ್ನು ಹಂಚಿ ರೈಲುಗಳಲ್ಲಿ ನೂಕುನುಗ್ಗಲು ತಗ್ಗಿಸಿತ್ತು, ರೋಗಿಗಳನ್ನು ಪ್ರತ್ಯೇಕಿಸಿತ್ತು. ಅಲ್ಲದೆ ಆ ಜ್ವರಕ್ಕೆ ಹೆಚ್ಚಾಗಿ ಬಲಿಯಾದವರು ಶಾಲೆಯ ಮಕ್ಕಳಲ್ಲ, ಇಪ್ಪತ್ತರಿಂದ ನಲವತ್ತರ ನಡುಹರೆಯದವರು. ಆದ್ದರಿಂದ ಈ ಅಂಕಿಗಳನ್ನು ಹಿಡಿದು ಬೇಕರ್ ಗೆದ್ದರು, ಸೋತರು ಎಂದು ತೀರ್ಪು ಕೊಡಲು ಹೊರಡುವುದು ಸಲ್ಲದು. ಇಬ್ಬಂದಿಯಲ್ಲಿ ಸಿಕ್ಕಿದ ಊರೊಂದು, ಮುಚ್ಚುವುದು, ತೆರೆಯುವುದು ಎಂಬೆರಡರ ನಡುವೆ ನೋಡಿಕೊಳ್ಳುವುದು ಎಂಬ ಮೂರನೆಯದೂ ಇದೆಯೆಂದು ಯೋಚಿಸಿತಲ್ಲ, ಅದು ನನಗೆ ಮುಖ್ಯವೆನ್ನಿಸುತ್ತದೆ.

ಮಕ್ಕಳು ರೋಗಕ್ಕೆ ತುತ್ತಾಗುವವರಷ್ಟೇ ಅಲ್ಲ, ಅದನ್ನು ಮನೆಗೆ ಹೊತ್ತುತರುವವರೂ ಹೌದು. ಇದಕ್ಕೆ ಜಪಾನಿನ ಉದಾಹರಣೆ ಕುತೂಹಲಕರ. ಅಲ್ಲಿ 1962ರಿಂದ ಶಾಲೆಯ ಮಕ್ಕಳಿಗೆ ಚಳಿಗಾಲದ ಫ್ಲೂ ಜ್ವರದ ಲಸಿಕೆ ಹಾಕತೊಡಗಿದರು. 1977ರಲ್ಲಿ ಕಡ್ಡಾಯ ಮಾಡಿದರು. ಪ್ರಯೋಜನವೆಷ್ಟೆಂಬ ಸಂದೇಹ ಬೆಳೆದು 1987ರಲ್ಲಿ ಬೇಡವೆನ್ನುವ ಹಕ್ಕನ್ನು ತಾಯ್ತಂದೆಯರಿಗೆ ಕೊಟ್ಟರು; 1994ರಲ್ಲಿ ಆ ಕಾರ್ಯಕ್ರಮವೇ ನಿಂತಿತು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯೇ ಕಡೆಗೆ ಬೆರಳು ತೋರಿಸಿತು. ಮಕ್ಕಳಿಗೆ ಲಸಿಕೆ ಹಾಕುತ್ತಿದ್ದ ಆ ವರ್ಷಗಳಲ್ಲಿ ವರ್ಷಕ್ಕೆ 37,000ದಿಂದ 49,000 ಸಾವು ತಪ್ಪಿತ್ತೆಂದೂ, ಸುಮಾರು 420 ಮಕ್ಕಳಿಗೆ ಲಸಿಕೆ ಹಾಕಿದರೆ ಒಂದು ಜೀವ ಉಳಿಯುತ್ತಿತ್ತೆಂದೂ ಅದರ ಅಂದಾಜು. ಉಳಿದ ಜೀವಗಳಲ್ಲಿ ಹೆಚ್ಚಿನವು ಮುದುಕರದು! ಈ ಲೆಕ್ಕವನ್ನು ಒಪ್ಪದವರೂ ಇದ್ದಾರೆ. ಆದರೆ ಮೊಮ್ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕಥೆ ಹೇಳುವ ನಮ್ಮ ಅಜ್ಜ ಅಜ್ಜಿಯರಿಗೆ ಇದರ ತರ್ಕ ಬಿಡಿಸಿ ಹೇಳಬೇಕಾಗಿಲ್ಲ. ನನಗೂ ಈಗ ಆ ಗುಂಪಿನಲ್ಲಿ ಸ್ಥಾನವಿದೆ.

ನಮ್ಮ ದೇಶದಲ್ಲಿ ಶಾಲಾಮಕ್ಕಳ ವೈದ್ಯ ಪರೀಕ್ಷೆ ಮೊದಲಾದದ್ದು 1909ರಲ್ಲಿ, ಬರೋಡ ನಗರದಲ್ಲಿ. ನ್ಯೂಯಾರ್ಕಿಗಿಂತ ಬಹಳ ಹಿಂದೆ ಬಿದ್ದವರೇನೂ ಅಲ್ಲ ನಾವು. ಸ್ವಾತಂತ್ರ್ಯ ಬಂದ ಮೇಲೆ 1960ರಲ್ಲಿ ರೇಣುಕಾ ರೇ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕುಳಿತು ಮರುವರ್ಷ ವರದಿ ಕೊಟ್ಟಿತು. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂದಿತು. ಅದರ ತಂಡ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ನೋಡಬೇಕು. ಹೃದಯದ ದೋಷ, ಕಿವಿಯ ದೋಷ, ಸೀಳುತುಟಿ ಮುಂತಾದವನ್ನು ಹಿಡಿಯಲು ಇದು ಒಳ್ಳೆಯ ಉಪಾಯವೇ. ಮುಂಗಾರಿನ ಜ್ವರವಾದರೋ ತಂಡದ ಪ್ರವಾಸದ ಪಟ್ಟಿ ನೋಡಿಕೊಂಡು ಬರುವುದಿಲ್ಲ.

2020ರ ಮಾರ್ಚಿಯಲ್ಲಿ ಕೋವಿಡ್ ಸಲುವಾಗಿ ಕರ್ನಾಟಕದ ಶಾಲೆಗಳು ಮುಚ್ಚಿದವು. ಒಂದರಿಂದ ಐದನೆಯ ತರಗತಿಯವರು ಮತ್ತೆ ಶಾಲೆಯ ಮೆಟ್ಟಿಲು ತುಳಿದದ್ದು 2021ರ ಅಕ್ಟೋಬರ್ 25ರಂದು. ಒಂದನೆಯ ತರಗತಿಯಲ್ಲಿ ಅಕ್ಷರ ಕಲಿಯುತ್ತಿದ್ದ ಮಗು ಬಂದು ಕುಳಿತದ್ದು ಮೂರನೆಯ ತರಗತಿಯಲ್ಲಿ. ನಡುವೆ 2020ರ ಆಗಸ್ಟಿನಲ್ಲಿ ನಮ್ಮ ಉಪಾಧ್ಯಾಯರು ಒಂದು ಕೆಲಸ ಮಾಡಿದರು: ವಿದ್ಯಾಗಮ ಎಂಬ ಹೆಸರಿನಲ್ಲಿ ತಾವೇ ಊರಿನ ಜಗುಲಿ, ಗುಡಿಯ ಪೌಳಿ, ಮರದ ನೆರಳುಗಳಿಗೆ ಹೋಗಿ ಪಾಠ ಹೇಳಿದರು. ವಠಾರ ಶಾಲೆಯೆಂದು ಜನ ಅದನ್ನು ಕರೆದರು. ಸೋಂಕಿನ ಸುದ್ದಿಗಳು ಬಂದು ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿಯಲ್ಲಿ ಮತ್ತೆ ತೊಡಗಿತು. ಆ ಏರ್ಪಾಡಿನಲ್ಲಿ ಮೇಷ್ಟರು ಹೊಸ್ತಿಲು ದಾಟಿದರು, ದಾದಿ ಜೊತೆಗಿರಲಿಲ್ಲ. ಇಬ್ಬರೂ ಜೊತೆಯಾಗಿ ಹೋಗಿದ್ದರೆ ಏನಾಗುತ್ತಿತ್ತೆಂದು ಲೀನಾ ರೋಜರ್ಸರ ಕಥೆ ಓದಿದವನಿಗೆ ಅನ್ನಿಸದಿರದು.

ದೊಡ್ಡ ಮಾರಿಗಳ ಮಾತು ಹಾಗಿರಲಿ. ಪ್ರತಿ ವರ್ಷದ ಸಣ್ಣ ಜ್ವರಗಳಿಗೆ ನಾವು ಶಾಲೆಗಳಲ್ಲಿ ಮಾಡುತ್ತಿರುವ ಉಪಚಾರವೇ ವಿಚಿತ್ರ. ಒಂದು ಕಡೆ, ಜ್ವರ ಬಂದವನು ಬರಬಾರದು ಎನ್ನುತ್ತೇವೆ. ಇನ್ನೊಂದು ಕಡೆ, ವಾರ್ಷಿಕೋತ್ಸವದ ದಿನ ವೇದಿಕೆಗೆ ಕರೆದು ನೂರಕ್ಕೆ ನೂರು ಹಾಜರಿಗೆ ಬಹುಮಾನ ಕೊಡುತ್ತೇವೆ. ಆ ಸ್ಟೀಲು ಲೋಟದ ಆಸೆಗೆ ಮೈ ಸುಡುತ್ತಿದ್ದರೂ ಬಂದು ಕುಳಿತ ಹುಡುಗರನ್ನು ನಾನು ಬಲ್ಲೆ. ಕಾಲೇಜಿನಲ್ಲಿಯೂ ಇದೇ ಕಥೆ: ಹಾಜರಿ ಸಾಲದೆ ಪರೀಕ್ಷೆ ತಪ್ಪೀತೆಂದು ಹೆದರಿ, ಸಿತಾಳೆಯ ಗುಳ್ಳೆ ಇನ್ನೂ ಉದುರದ ಮುಖಕ್ಕೆ ಕರ್ಚೀಫು ಸುತ್ತಿಕೊಂಡು ಬರುತ್ತಿದ್ದ ವಿದ್ಯಾರ್ಥಿಗಳಿದ್ದರು. ಇದರ ಜೊತೆಗೆ ತಾಯಿಯ ಪಾಡು. ಗಾರ್ಮೆಂಟ್ಸಿಗೆ ಹೋಗುವವಳು, ಮನೆಯಲ್ಲೇ ಬೀಡಿ ಕಟ್ಟುವವಳು, ಕೂಲಿಗೆ ಹೋಗುವವಳು ಮಗುವನ್ನು ನೋಡಿಕೊಳ್ಳಲು ನಿಂತರೆ ಅಂದಿನ ಸಂಬಳ ಹೋಯಿತು. ಅವಳು ಬೆಳಗ್ಗೆ ಒಂದು ಜ್ವರದ ಗುಳಿಗೆ ನುಂಗಿಸಿ, ಹಣೆ ತಣ್ಣಗಾದೊಡನೆ ಚೀಲ ಹೆಗಲಿಗೇರಿಸಿ ಶಾಲೆಗೆ ಕಳುಹಿಸುತ್ತಾಳೆ. ಅವಳನ್ನು ಅವಿವೇಕಿ ಎನ್ನುವವರು ಅವಳ ಮನೆಯ ಮೆಟ್ಟಿಲು ಹತ್ತಿದವರಲ್ಲ.

ನನ್ನ ಸೊಸೆ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಈ ಭಾಷಣ ಬರೆಯುತ್ತಿದ್ದಾಗ ಅವಳನ್ನು ಕೇಳಿದೆ: ಮಳೆಗಾಲದಲ್ಲಿ ಮಗು ಬಾರದಿದ್ದರೆ ನೀನು ಏನು ಮಾಡುತ್ತೀಯಮ್ಮ?

“ಏನು ಮಾಡೋದು ಮಾವ, ಆಶಾ ಕಾರ್ಯಕರ್ತೆಗೆ ಫೋನ್ ಮಾಡ್ತೀನಿ. ಪಾಪ, ಅವರಿಗೂ ಬಾಣಂತಿಯರನ್ನ ನೋಡೋದು, ಸರ್ವೆ ಬರೆಯೋದು, ನೂರು ಕೆಲಸ. ಬಿಡುವಾದಾಗ ಹೋಗಿ ಬರ್ತಾರೆ. ಇಲ್ಲದಿದ್ದರೆ ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಹೊತ್ತಿದ್ದರೆ ನಾನೇ ಹೋಗ್ತೀನಿ.”

ಅವಳು ಹಾಜರಿ ಪುಸ್ತಕದ ಜೊತೆಗೆ ಒಂದು ನಲವತ್ತು ಪುಟದ ನೋಟ್‌ಬುಕ್ಕನ್ನೂ ಇಟ್ಟಿದ್ದಾಳೆ. ಸರ್ಕಾರ ಕೇಳಿದ್ದಲ್ಲ, ಅವಳಾಗಿ ಇಟ್ಟದ್ದು. ಗೆರೆ ಎಳೆದು ನಾಲ್ಕು ಕಾಲಂ ಮಾಡಿಕೊಂಡಿದ್ದಾಳೆ: ಹೆಸರು, ಏನು ಕಾಯಿಲೆ, ಎಷ್ಟು ದಿನ, ನೋಡಿ ಬಂದವರು. ಕಳೆದ ವರ್ಷದ ಜೂನ್, ಜುಲೈ ಪುಟಗಳನ್ನು ತಿರುವಿ ನೋಡಿದೆ. ಮೊದಲ ಮೂರು ಕಾಲಂ ಒತ್ತಾಗಿ ತುಂಬಿದ್ದವು. ನಾಲ್ಕನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇತ್ತು.